ಎಪ್ಪತ್ತೊಂದನೆಯ ಮರವನ್ನು ಓದಿದವರು

ಓದಲು ಬಾರದವರಿಂದ ಈ ಲೋಕಕ್ಕೆ ಆಗಿರುವ ಹಾನಿ ಅಷ್ಟಕ್ಕಷ್ಟೆ. ಎಲ್ಲವನ್ನೂ ಓದಬಲ್ಲೆವೆಂದು ಹೊರಟವರಿಂದ ಆದ ಹಾನಿಯನ್ನು ಅಳೆಯಲು ಮಾತ್ರ ಇನ್ನೂ ಯಾವ ಕಚೇರಿಯೂ ಮುಂದೆ ಬಂದಿಲ್ಲ. ಬರುವುದೂ ಇಲ್ಲ. ಅವರೆಲ್ಲ ಕಚೇರಿಗಳ ಒಳಗೇ ಕುಳಿತಿದ್ದಾರೆ.

ನಗರಸಭೆಯ ದಾಖಲೆ ಕೋಣೆಯ ಗುಮಾಸ್ತರನ್ನು ಸಹೋದ್ಯೋಗಿಗಳು ಸರ್ವಲಿಪಿ ಎಂದು ಕರೆಯುತ್ತಿದ್ದರು. ಕುಹಕಕ್ಕೆ ಇಟ್ಟ ಹೆಸರನ್ನು ಅವರು ಬಿರುದೆಂದು ಸ್ವೀಕರಿಸಿ ಇಪ್ಪತ್ತಾರು ವರ್ಷ ಜೋಪಾನ ಮಾಡಿದ್ದರು. ವೈದ್ಯರ ಚೀಟಿ, ನಿವೃತ್ತ ಅಧಿಕಾರಿಗಳ ಷರಾ, ಗೆದ್ದಲು ತಿಂದು ಉಳಿಸಿದ ಕ್ರಯಪತ್ರ, ಏನು ಕೊಟ್ಟರೂ ಕನ್ನಡಕವನ್ನು ಹಣೆಗೇರಿಸಿ, ಕಾಗದವನ್ನು ಮೂಗಿಗೆ ತಾಗಿಸಿ ಗಡಗಡ ಓದಿಬಿಡುತ್ತಿದ್ದರು. ಅದು ಸರಿಯೋ ತಪ್ಪೋ ಹೇಳಲು ಬೇರೆ ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲವಾದ್ದರಿಂದ ಅವರ ಕೀರ್ತಿಗೆ ಒಂದು ದಿನವೂ ಧಕ್ಕೆ ಬಂದಿರಲಿಲ್ಲ.

ಹೀಗಿರುವಾಗ ಸಾಹೇಬರುಗಳ ವಾಹನಗಳು ಬಿಸಿಲಿನಲ್ಲಿ ಕಾಯುತ್ತಿವೆ ಎಂಬ ಕರುಣಾಜನಕ ಸಂಗತಿ ನಗರಸಭೆಯ ಗಮನಕ್ಕೆ ಬಂತು. ಕಚೇರಿಯ ಮುಂದಿನ ಬೀದಿಯುದ್ದಕ್ಕೂ ತಗಡಿನ ಮಾಡು ಕಟ್ಟಿ ವಾಹನಗಳಿಗೆ ನೆರಳು ಮಾಡುವುದೆಂದು ತೀರ್ಮಾನವಾಯಿತು. ತಗಡಿನ ನೆರಳಿಗೆ ಅಡ್ಡ ಬಂದದ್ದು ಮರಗಳ ನೆರಳು. ನೆರಳಿಗಾಗಿ ನೆರಳನ್ನೇ ಕಡಿಯುವ ಈ ಯೋಜನೆಗೆ ಸಭೆಯಲ್ಲಿ ಚಪ್ಪಾಳೆ ಬಿತ್ತು.

ಕೆಲಸದ ಕ್ರಮ ಸರಳ. ಬಣ್ಣದವನು ಮೊದಲು ಹೋಗಿ, ಕಡಿಯಬೇಕಾದ ಪ್ರತಿ ಮರದ ಎದೆಗೂ ಅಂಗೈಯಗಲ ಬಿಳಿ ಬಳಿದು, ಅದರ ಮೇಲೆ ಕಪ್ಪಿನಲ್ಲಿ ನಂಬರು ಬರೆಯುವುದು. ಮಾರನೆಯ ದಿನ ಸರ್ವಲಿಪಿಯವರು ಹೋಗಿ ನಂಬರು ಓದಿ ಪಟ್ಟಿಗೆ ಏರಿಸುವುದು. ಅರವತ್ತೆಂಟು, ಅರವತ್ತೊಂಬತ್ತು, ಎಪ್ಪತ್ತು. ಬೀದಿಯ ತುದಿಗೆ ಬಂದರು. ಅಲ್ಲೊಂದು ಮುದಿ ಮರ, ಅದರ ಕೆಳಗೆ ಒಂದು ಇಸ್ತ್ರಿ ಗಾಡಿ. ಮರದ ನುಣುಪು ತೊಗಟೆಯ ಮೇಲೆ ಅಂಗೈಯಗಲ ಬಿಳಿ, ಅದರೊಳಗೆ ಸೊಟ್ಟಸೊಟ್ಟ ಕಪ್ಪು ಗೆರೆಗಳು. ಸರ್ವಲಿಪಿಯವರು ಕನ್ನಡಕ ಹಣೆಗೇರಿಸಿದರು. ಎಪ್ಪತ್ತರ ಮುಂದೆ ಏನು ಬರುತ್ತದೆಂದು ತಿಳಿಯಲು ಕಣ್ಣು ಬೇಕಿಲ್ಲ, ಇಪ್ಪತ್ತಾರು ವರ್ಷದ ಅನುಭವ ಸಾಕು.

“ಎಪ್ಪತ್ತೊಂದು!”

ಇಸ್ತ್ರಿ ಹಾಕುತ್ತಿದ್ದ ಹೆಂಗಸು ತಲೆ ಎತ್ತಿದಳು. “ಅಣ್ಣಾ, ಅದು ನಂಬರಲ್ಲ. ಮರದ ಮೈಮೇಲಿನ ಮಚ್ಚೆ. ನಮ್ಮಮ್ಮ ಇಲ್ಲಿ ಗಾಡಿ ಇಟ್ಟಾಗಿಂದ ಇದೆ.”

“ಏನಮ್ಮಾ, ನಿನಗೆ ಓದಕ್ಕೆ ಬರುತ್ತಾ?”

“ಇಲ್ಲ ಅಣ್ಣಾ.”

“ಮತ್ತೆ?” ಎಂದರು ಸರ್ವಲಿಪಿಯವರು. ಆ ಒಂದು ‘ಮತ್ತೆ’ಯಲ್ಲಿ ಲೋಕದ ಎಲ್ಲ ಕಚೇರಿಗಳ ಎಲ್ಲ ಕಿಟಕಿಗಳೂ ಒಟ್ಟಿಗೇ ಮುಚ್ಚಿಕೊಂಡ ಸದ್ದಿತ್ತು. ಪಟ್ಟಿ ಮುಗಿಯಿತು. ಇಂಜಿನಿಯರ್ ಸಾಹೇಬರು ಕುರ್ಚಿಯಿಂದ ಏಳದೆ, ‘ಸ್ಥಳಕ್ಕೆ ಖುದ್ದು ಭೇಟಿ ನೀಡಿ ಪರಿಶೀಲಿಸಿದೆ’ ಎಂದು ಬರೆದು ಸಹಿ ಹಾಕಿದರು.

ಮೂರು ವಾರದ ನಂತರ ಮರಗಳಿಗೆ ನೋಟೀಸು ಅಂಟಿತು: ಗುರುವಾರ ಬೆಳಿಗ್ಗೆ ಕಟಾವು. ಅದೇ ಸಂಜೆ ಸರ್ವಲಿಪಿಯವರ ಮನೆ ಬಾಗಿಲಿಗೆ ಒಂದು ಬಟ್ಟೆಗಂಟು ಬಂತು. ಅವರ ಐದು ಅಂಗಿ, ಹೋದ ಹಾಗೇ ಮುದುರಿಕೊಂಡು ಬಂದಿದ್ದವು.

“ಏನಿದು?” ಎಂದರು.

“ಇಸ್ತ್ರಿಯವಳು ವಾಪಸ್ ಕೊಟ್ಟಳು,” ಎಂದರು ಹೆಂಡತಿ. “ಅವಳು ಹೇಳಿದ್ದು ಹೇಳ್ಲಾ? ‘ಅಕ್ಕಾ, ಗಾಡಿ ನಿಲ್ಲಿಸಕ್ಕೆ ಇನ್ನು ಜಾಗ ಇಲ್ಲ. ನಾನೂ ಇಬ್ಬರು ಮಕ್ಕಳೂ ಎಲ್ಲಿಗೆ ಹೋಗೋದು ಅಂತ ಅಣ್ಣನ್ನೇ ಕೇಳಿ. ಅವರು ಅದನ್ನೂ ಎಲ್ಲಾದರೂ ಓದಿರ್ತಾರೆ’ ಅಂದಳು.”

“ನಾನೇನು ಮಾಡಲಿ? ಮರದ ಮೇಲೆ ಬರೆದಿತ್ತು, ಓದಿದೆ.”

“ಮೊನ್ನೆ ನಮ್ಮಣ್ಣ ಬರೆದ ಕಾಗದವನ್ನೂ ನೀವೇ ಓದಿದ್ರಿ. ಶನಿವಾರ ಬರ್ತೀನಿ ಅಂತ ಬರೆದಿದ್ದಾನೆ ಅಂದ್ರಿ. ಇಡೀ ದಿನ ಅಡುಗೆ ಮಾಡ್ಕೊಂಡು ಕೂತೆ. ಬಂದದ್ದು ಮಂಗಳವಾರ. ಅವತ್ತು ಮನೆಗೆ ಬೀಗ!”

“ಅವನ ಅಕ್ಷರ ಹಾಗಿದೆ.”

“ನನಗೇನು ಗೊತ್ತು ರೀ? ನಾನು ಓದಿಲ್ವಲ್ಲ, ನೀವಿದ್ದೀರಿ ಅಂತ.”

ಹೆಂಡತಿಯ ಮಾತು ಒಂದು ಕಡೆ ಚುಚ್ಚಿತು, ಮುದುರಿದ ಅಂಗಿ ಇನ್ನೊಂದು ಕಡೆ. ಬೆಳಿಗ್ಗೆ ಆ ಅಂಗಿಯಲ್ಲೇ ಮರದ ಬಳಿಗೆ ಹೋದರು. ಒಂದು ತುಂತುರು ಮಳೆ ಬಿದ್ದು ನಿಂತಿತ್ತು. ಎಪ್ಪತ್ತನೆಯ ಮರದ ಬಿಳಿ ಬಿಳಿಯಾಗಿಯೇ ಇತ್ತು. ಎಪ್ಪತ್ತೊಂದನೆಯದು ಹಸಿರಿಗೆ ತಿರುಗಿತ್ತು!

ಬಣ್ಣ ಹಸಿರಾಗುವುದೆಂದರೇನು? ಬಣ್ಣದವನನ್ನು ಹುಡುಕಿ ಹಿಡಿದರು. ಅವನು ಒಂದು ಗೋಡೆಗೆ ಬಣ್ಣ ಬಳಿಯುತ್ತಲೇ ಹೇಳಿದ: “ನಾನು ಎಪ್ಪತ್ತಕ್ಕೇ ನಿಲ್ಲಿಸಿದ್ದು ಸಾರ್. ಡಬ್ಬ ಖಾಲಿ ಆಯ್ತು. ಆಮೇಲೆ ಆ ಇಸ್ತ್ರಿಯವಳ ಮರಕ್ಕೆ ಬಳೀಬೇಕು ಅಂತ ಯಾರೂ ಹೇಳಿರಲಿಲ್ಲ.”

ಸರ್ವಲಿಪಿಯವರ ಎದೆಯಲ್ಲಿ ಇಪ್ಪತ್ತಾರು ವರ್ಷದ ಕಟ್ಟಡ ಒಂದು ಇಟ್ಟಿಗೆ ಕಳೆದುಕೊಂಡಿತು. ಅವರು ನೇರ ಇಂಜಿನಿಯರ್ ಸಾಹೇಬರ ಕೋಣೆಗೆ ನಡೆದರು.

“ಸಾರ್, ಪಟ್ಟಿಯಲ್ಲಿ ಒಂದು ಮರ ತಪ್ಪಾಗಿ ಸೇರಿದೆ.”

“ಪಟ್ಟಿ ತಪ್ಪಾಗಲ್ಲ ರೀ. ಸಹಿ ಆಗಿದೆ. ಮರ ತಪ್ಪಾಗಿರಬಹುದು.”

“ಆ ಮರದ ಮೇಲೆ ನಂಬರೇ ಇಲ್ಲ ಸಾರ್. ಬಣ್ಣದವನೇ ಹೇಳ್ತಿದ್ದಾನೆ.”

“ಅವನು ದಿನಗೂಲಿ. ದಿನಗೂಲಿಯವನ ಮಾತು ಆ ದಿನಕ್ಕೆ ಮಾತ್ರ. ನಿಮ್ಮದು ಕಾಯಂ ನೌಕರಿ, ನೀವು ಓದಿದ್ದು ಕಾಯಂ.” ಸಾಹೇಬರು ಕುರ್ಚಿಗೆ ಒರಗಿದರು. “ಬಣ್ಣ ಅಲ್ಲ ಅಂದ್ರೆ ಅದೇನು? ತಿಳಿದವರಿಂದ ಬರೆಸಿಕೊಂಡು ಬನ್ನಿ. ಗುರುವಾರದೊಳಗೆ. ಇನ್ನೊಂದು ಮಾತು. ಇಲ್ಲದ್ದನ್ನು ಓದಿದೆ ಅಂತ ನೀವೇ ಒಪ್ಪಿಕೊಂಡರೆ, ಓದಕ್ಕೆ ಬಾರದ ಮನುಷ್ಯನಿಗೆ ದಾಖಲೆ ಕೋಣೆಯಲ್ಲಿ ಏನು ಕೆಲಸ? ನಾಯಿ ಪರವಾನಗಿ ವಿಭಾಗದಲ್ಲಿ ಒಂದು ಕುರ್ಚಿ ಖಾಲಿ ಇದೆ. ಅಲ್ಲಿ ಓದೋ ಅಂಥದ್ದೇನೂ ಇಲ್ಲ. ಯೋಚನೆ ಮಾಡಿ.”

ಯೋಚನೆ ಮಾಡುವ ಅಭ್ಯಾಸ ಸರ್ವಲಿಪಿಯವರಿಗಿರಲಿಲ್ಲ. ಹಟ ಹಿಡಿಯುವ ಅಭ್ಯಾಸವಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಬರಹ ಅವರನ್ನು ಸೋಲಿಸಿತ್ತು. ಅದು ಏನೆಂದು ತಿಳಿಯದೆ ಬಿಡುವ ಹಾಗಿರಲಿಲ್ಲ.

ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಮೇಡಂ ಒಬ್ಬರು ಮೂರನೆಯ ಬೀದಿಯಲ್ಲಿದ್ದರು. ಅವರು ಕೈಯಲ್ಲಿ ಭೂತಗನ್ನಡಿ ಹಿಡಿದು ಬಂದು ಕಾಲು ಗಂಟೆ ಮರಕ್ಕೆ ಕಣ್ಣು ಅಂಟಿಸಿದರು. ಇಸ್ತ್ರಿಯವಳು ಗಾಡಿಯ ಮೇಲೆ ಕೈಯೂರಿ ನೋಡುತ್ತಿದ್ದಳು. ಸರ್ವಲಿಪಿಯವರು ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನ ಹಾಗೆ ಕಾಲು ಬದಲಿಸುತ್ತಿದ್ದರು.

“ಇದು ಕಲ್ಲುಹೂವಿನ ಜಾತಿ,” ಎಂದರು ಮೇಡಂ ಕೊನೆಗೆ.

“ಇಲ್ಲಿ ಕಲ್ಲೂ ಇಲ್ಲ, ಹೂವೂ ಇಲ್ಲವಲ್ಲ ಮೇಡಂ!”

“ನಿಮ್ಮ ಕಚೇರಿಯಲ್ಲಿ ಜನಸೇವಾ ಕೌಂಟರ್ ಅಂತ ಬೋರ್ಡ್ ಇದೆ. ಹಾಗೆ ಅಂದ್ಕೊಳ್ಳಿ. ಒಂದು ಶಿಲೀಂಧ್ರ, ಒಂದು ಪಾಚಿ, ಎರಡೂ ಸೇರಿ ಒಂದೇ ಮನೆಯಲ್ಲಿ ಸಂಸಾರ. ಒಬ್ಬರು ಗೋಡೆ ಕಟ್ತಾರೆ, ಒಬ್ಬರು ಅಡುಗೆ ಮಾಡ್ತಾರೆ. ಕೆಲವು ಎಲೆ ಥರ ಇರುತ್ತವೆ, ಕೆಲವು ಗಡ್ಡದ ಥರ. ಇದು ತೊಗಟೆಗೆ ಹಕ್ಕಳೆ ಕಟ್ಟೋ ಥರದ್ದು. ಉಗುರು ಹಾಕಿ ಕಿತ್ತರೂ ಬರಲ್ಲ, ತೊಗಟೆಯೇ ಬರುತ್ತೆ. ಈ ಕಪ್ಪು ಗೆರೆ ಇದೆಯಲ್ಲ, ನೀವು ಓದಿದ್ದು, ಅದು ಬೀಜಕ, ಅಂದ್ರೆ ಇದರ ಮರಿಗಳು, ಹುಟ್ಟೋ ಜಾಗ.”

ಅಂದರೆ ತಾವು ಇಷ್ಟು ದಿನ ಗಟ್ಟಿಯಾಗಿ ಓದಿದ್ದು ಯಾರದೋ ಬಾಣಂತಿಕೋಣೆಯನ್ನು ಎಂದು ಸರ್ವಲಿಪಿಯವರು ತಲೆ ತಗ್ಗಿಸಿದರು.

“ಗೆರೆ ಇರೋ ಜಾತಿ ಬೇಕಾದಷ್ಟಿವೆ,” ಮೇಡಂ ದನಿ ತಗ್ಗಿಸಿದರು. “ಆದ್ರೆ ಅಂಚಿನಲ್ಲಿ ಈ ಬೂದು ಸುತ್ತು ಇರೋದನ್ನ ನಾನು ನಲವತ್ತು ವರ್ಷದಲ್ಲಿ ಒಂದೇ ಸಲ ನೋಡಿದ್ದು. ಆ ಮರದ ಜಾಗದಲ್ಲಿ ಈಗ ಬಸ್ ನಿಲ್ಲುತ್ತೆ. ಇದು ಅದೇನಾ ಅಂತ ಹೇಳಬೇಕಾದ್ರೆ ಮದ್ದು ಹಾಕಿ ನೋಡಬೇಕು. ಅಯೋಡಿನ್ ತನ್ನಿ. ಕಾಸ್ಟಿಕ್ ನೀರೂ ಬೇಕು.”

ಸರ್ವಲಿಪಿಯವರು ಔಷಧಿ ಅಂಗಡಿಗೆ ಓಡಿದರು. ಏದುಸಿರು ಬಿಡುತ್ತ ನಿಂತರೆ ಅಂಗಡಿಯವನು ಕೇಳಿದ: “ಏನಾಗಿದೆ ಸಾರ್?”

“ಹಕ್ಕಳೆ. ಅಂಗೈಯಗಲ. ಒಳಗೆ ಶಿಲೀಂಧ್ರ ಇದೆಯಂತೆ.”

“ಎಷ್ಟು ದಿನದಿಂದ?”

“ನೂರು ವರ್ಷ ಆಗಿರಬಹುದು.”

ಅಂಗಡಿಯವನು ಒಂದು ಹೆಜ್ಜೆ ಹಿಂದೆ ಸರಿದ. “ತುರಿಸುತ್ತಾ?”

“ಇಲ್ಲ. ಮಳೆ ಬಂದರೆ ಹಸಿರಾಗುತ್ತೆ.”

ಅಯೋಡಿನ್ ಸೀಸೆ ಕೋಲಿನ ತುದಿಯಿಂದ ಮುಂದೆ ತಳ್ಳಲ್ಪಟ್ಟಿತು. ಸುದ್ದಿ ಸರ್ವಲಿಪಿಯವರಿಗಿಂತ ಮೊದಲು ಬೀದಿ ತಲುಪಿತು. ಸಂಜೆಗೆ ಪಕ್ಕದ ಮನೆಯವರು ಗೋಡೆಯ ಆಚೆಯಿಂದಲೇ ಕ್ಷೇಮ ವಿಚಾರಿಸಿದರು. ಕಚೇರಿಯಲ್ಲಿ ಅವರ ಲೋಟದ ಮೇಲೆ ಯಾರೋ ಗುರುತು ಹಾಕಿದರು. ಊರಿನಿಂದ ಭಾವಮೈದ ಫೋನು ಮಾಡಿ ತಂಗಿಗೆ, “ಸದ್ಯಕ್ಕೆ ನೀನು ಇಲ್ಲಿಗೆ ಬಂದುಬಿಡು, ಟವೆಲ್ ಬೇರೆ ತಗೊಂಡು ಬಾ,” ಎಂದ. ಹೆಂಡತಿ ಗದರಿದರು: “ಇವರಿಗೆ ಇರೋ ಕಾಯಿಲೆ ಒಂದೇ ಅಣ್ಣಾ, ಗೊತ್ತಿಲ್ಲ ಅನ್ನಕ್ಕೆ ಬಾರದೇ ಇರೋದು. ಅದು ಅಂಟಲ್ಲ. ಅಂಟಿದ್ರೆ ನನಗೆ ಯಾವತ್ತೋ ಅಂಟಿರೋದು.”

ಕಾಸ್ಟಿಕ್ ನೀರು ಎಲ್ಲೂ ಸಿಗಲಿಲ್ಲ. ಬುಧವಾರ ಮಧ್ಯಾಹ್ನ ಬರಿಗೈಯಲ್ಲಿ ಮರದ ಬುಡಕ್ಕೆ ಬಂದು ಕೂತ ಸರ್ವಲಿಪಿಯವರನ್ನು ಇಸ್ತ್ರಿಯವಳು ನೋಡಿದಳು. ಆಮೇಲೆ ಗಾಡಿಯ ಕೆಳಗಿನಿಂದ ಒಂದು ಬಾಟಲಿ ತೆಗೆದಳು.

“ಗ್ಯಾರೇಜಿನವರ ಬಟ್ಟೆಗೆ ಹಾಕೋದು. ಕೈಗೆ ಬಿದ್ರೆ ಸುಡುತ್ತೆ. ಇದೇನಾ?”

ಅದೇ. ಮೇಡಂ ಗಾಜಿನ ಕಡ್ಡಿಯಲ್ಲಿ ಒಂದು ಹನಿ ತೆಗೆದು ಮೊದಲು ಎಪ್ಪತ್ತನೆಯ ಮರದ ಬಿಳಿಗೆ ಇಟ್ಟರು. ಏನೂ ಆಗಲಿಲ್ಲ. ಬಣ್ಣ ಬಣ್ಣವಾಗಿಯೇ ಉಳಿಯಿತು. ಇನ್ನೊಂದು ಹನಿ ಎಪ್ಪತ್ತೊಂದರ ಅಂಚಿಗೆ. ಬಿಳಿ ಹಳದಿಯಾಯಿತು. ಹಳದಿ ನೋಡನೋಡುತ್ತ ಕಿತ್ತಳೆಯಾಗಿ, ಕೊನೆಗೆ ಕೊಯ್ದ ಬೆರಳಿನ ಹಾಗೆ ಕೆಂಪಾಯಿತು.

“ಅಯ್ಯೋ, ನೋವಾಯ್ತು ಅದಕ್ಕೆ,” ಎಂದಳು ಇಸ್ತ್ರಿಯವಳು.

“ಅದೇ!” ಎಂದು ಮೇಡಂ ಕೂಗಿದ ಸದ್ದಿಗೆ ಬೀದಿಯ ನಾಯಿ ಎದ್ದು ನಿಂತಿತು. ಅಯೋಡಿನ್ ಹನಿಯೂ ಅದೇ ಮಾತು ಹೇಳಿತು. ಮೇಡಂ ಅಳತೆಪಟ್ಟಿ ಇಟ್ಟರು, ಬಿಸಿಲು ಬರುವ ದಿಕ್ಕು ನೋಡಿದರು, ತೊಗಟೆ ಮುಟ್ಟಿ ನೋಡಿದರು. “ವರ್ಷಕ್ಕೆ ಒಂದು ಕೂದಲೆಳೆಯಷ್ಟು ಬೆಳೆಯೋದು ಇದು. ನಿಮ್ಮ ನಗರಸಭೆ ಹುಟ್ಟಿ ಎಷ್ಟು ವರ್ಷ ಆಯ್ತು?”

“ನಲವತ್ತೆರಡು.”

“ಹಾಗಾದ್ರೆ ನಿಮ್ಮ ನಂಬರು ನಿಮ್ಮ ಕಚೇರಿಗಿಂತ ಹಿರಿಯದು. ಆದ್ರೆ ಇಷ್ಟು ಹೊಗೆ ಇರೋ ಬೀದಿಯಲ್ಲಿ ಇದು ಹೇಗೆ ಉಳೀತು? ಹೊಗೆ ಅಂದ್ರೆ ಇದಕ್ಕೆ ಆಗಲ್ಲ.” ಅವರು ಸುತ್ತ ನೋಡಿ, ಗಾಡಿಯ ಮೇಲೆ ಕಣ್ಣು ನಿಲ್ಲಿಸಿದರು. “ನಿಮ್ಮಮ್ಮ ಎಷ್ಟು ವರ್ಷ ಇಲ್ಲಿ ಗಾಡಿ ಇಟ್ಟಿದ್ದರಮ್ಮಾ?”

“ಅವರು ಮೂವತ್ತು, ನಾನು ಹದಿನೆಂಟು. ಇಲ್ಲಿ ಒಂದು ವಾಹನ ನಿಲ್ಲಿಸಕ್ಕೆ ಬಿಟ್ಟಿಲ್ಲ ಮೇಡಂ. ಒಗೆದ ಬಟ್ಟೆಗೆ ಹೊಗೆ ಕೂರುತ್ತೆ ಅಂತ ಜಗಳ ಆಡಿ ಆಡಿ ನಮ್ಮಮ್ಮನ ಗಂಟಲೇ ಹೋಯ್ತು. ಬಟ್ಟೆಗೆ ಚಿಮುಕಿಸಿ ಉಳಿದ ನೀರು ದಿನಾ ಮರಕ್ಕೇ ಹಾಕೋದು.”

ಮೇಡಂ ಕಾಗದ ತೆಗೆದು ಬರೆದರು. ತೊಗಟೆವಾಸಿ, ಹಕ್ಕಳೆ ರೂಪದ, ಅತಿ ವಿರಳ ಕಲ್ಲುಹೂವು. ಆವಾಸ: ನುಣುಪು ತೊಗಟೆಯ ಹಳೆಯ ಮರ, ಓರೆ ಬೆಳಕು, ತೇವ, ಹೊಗೆಯಿಲ್ಲದ ಗಾಳಿ, ಮತ್ತು ಒಂದು ಇಸ್ತ್ರಿ ಗಾಡಿ.

ಗುರುವಾರ ಬೆಳಿಗ್ಗೆ ಗರಗಸದ ಮೇಸ್ತ್ರಿ ಆಳುಗಳೊಂದಿಗೆ ಬಂದಿಳಿದ. ಲಾರಿ ಬೀದಿಯ ತುದಿಯಿಂದಲೇ ಒಳಗೆ ಬರಬೇಕಾದ್ದರಿಂದ ಕಟಾವು ಕೊನೆಯ ನಂಬರಿನಿಂದ ಶುರು. ಎಪ್ಪತ್ತೊಂದರ ಕೆಳಗೆ ಇಸ್ತ್ರಿಯವಳು ಗಾಡಿ ಅಲ್ಲಾಡಿಸದೆ ನಿಂತಿದ್ದಳು. ಒಂದು ಪಕ್ಕ ಮೇಡಂ, ಇನ್ನೊಂದು ಪಕ್ಕ ಮುದುರಿದ ಅಂಗಿಯ ಸರ್ವಲಿಪಿ. ಸುತ್ತ ಬೀದಿಗೆ ಬೀದಿಯೇ, ಕಾಯಿಲೆಯ ಭಯಕ್ಕೆ ನಾಲ್ಕು ಮಾರು ದೂರದಲ್ಲಿ. ಇಂಜಿನಿಯರ್ ಸಾಹೇಬರು ಅವತ್ತೇ ಮೊದಲ ಸಲ ಆ ಸ್ಥಳಕ್ಕೆ ಖುದ್ದು ಭೇಟಿ ನೀಡಿದರು.

ಮೇಡಂ ಕೊಟ್ಟ ಕಾಗದ ಓದಿ ನಕ್ಕರು. “ಮರಕ್ಕೆ ಹಿಡಿದ ಬೂಷ್ಟಿಗೋಸ್ಕರ ಯೋಜನೆ ನಿಲ್ಲಿಸಬೇಕಾ? ಬೇಕಿದ್ರೆ ಅದನ್ನ ಕೆರೆದು ಒಂದು ಡಬ್ಬಿಯಲ್ಲಿ ಹಾಕಿ ಫೈಲಿಗೆ ಸೇರಿಸೋಣ. ಮೇಸ್ತ್ರೀ, ಶುರು ಮಾಡು.”

“ಮೇಸ್ತ್ರಿಗಳೇ,” ಎಂದರು ಸರ್ವಲಿಪಿ. “ಮರದ ಮೇಲಿನ ನಂಬರು ಓದಿ. ಓದದೆ ಕಡಿಯೋ ಹಾಗಿಲ್ಲ, ನಿಯಮ.”

“ಹೌದು ಸಾರ್,” ಎಂದ ಮೇಸ್ತ್ರಿ. “ಪಟ್ಟಿಗೂ ಮರಕ್ಕೂ ತಾಳೆ ಆಗಬೇಕು. ಹಿಂದೆ ಒಂದ್ಸಲ ತಾಳೆ ನೋಡದೆ ಕಡಿದು ಒಳಗೆ ಹೋಗಿ ಬಂದಿದ್ದೀನಿ.” ಅವನು ಬಾಗಿ ನೋಡಿದ. “ಹದಿನಾಲ್ಕು.”

“ಹದಿನಾಲ್ಕಾ? ಕಣ್ಣು ಕಾಣಲ್ವಾ? ತೊಂಬತ್ತೊಂದು!” ಎಂದರು ಸಾಹೇಬರು.

ಗುಂಪಿನಲ್ಲಿದ್ದ ಔಷಧಿ ಅಂಗಡಿಯವನು ಕುತೂಹಲ ತಡೆಯಲಾರದೆ ಹತ್ತಿರ ಬಂದು ಇಣುಕಿದ. “ಇದು ನಂಬರಲ್ಲ ಸಾರ್. ‘ದಿನಕ್ಕೆರಡು ಸಲ, ಊಟದ ನಂತರ.’”

“ನಿಮ್ಮ ಗುಮಾಸ್ತರು ಇದ್ದಾರಲ್ಲ,” ಎಂದ ಮೇಸ್ತ್ರಿ. “ಪಟ್ಟಿ ಬರೆದವರು. ಅವರೇ ಓದಲಿ.”

ಇಪ್ಪತ್ತಾರು ವರ್ಷ ಜನ ಯಾವ ಕಾಗದ ತಂದರೂ ಓದಿಕೊಟ್ಟ ಮನುಷ್ಯ ಕನ್ನಡಕ ಹಣೆಗೇರಿಸಿ, ಮೂಗನ್ನು ತೊಗಟೆಗೆ ತಾಗಿಸಿ, ಬಹಳ ಹೊತ್ತು ನೋಡಿದರು. ನಾಯಿ ಪರವಾನಗಿ ವಿಭಾಗದ ಖಾಲಿ ಕುರ್ಚಿ ಅವರ ಕಣ್ಣ ಮುಂದೆ ಬಂದು ಕಾಲು ಚಾಚಿ ನಿಂತಿತು.

“ನನಗೆ ಓದಕ್ಕೆ ಬರ್ತಿಲ್ಲ,” ಎಂದರು.

ಹೆಂಡತಿ ಗುಂಪಿನಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅದು ನಗುವೋ ಅಳುವೋ ಅವರಿಗೇ ಗೊತ್ತಿರಲಿಲ್ಲ. ಇಸ್ತ್ರಿಯವಳು ಮಾತ್ರ ಗಟ್ಟಿಯಾಗಿ ಹೇಳಿದಳು: “ಇಷ್ಟು ಜನ ಓದಿದೋರಲ್ಲಿ ಒಬ್ಬರು ಓದಿದ್ದು ಇನ್ನೊಬ್ಬರಿಗೆ ಹೊಂದಲಿಲ್ಲ. ಓದಕ್ಕೆ ಬಾರದೋಳು ನಾನೊಬ್ಬಳೇ. ಅಲ್ಲಿ ಬರಹ ಇಲ್ಲ ಅಂತ ಮೊದಲೇ ಹೇಳಿದೋಳೂ ನಾನೊಬ್ಬಳೇ.”

“ಹಾಗಾದ್ರೆ ಈಗ ಬರಿ!” ಸಾಹೇಬರು ಗುಂಪಿನಲ್ಲಿ ಡಬ್ಬದೊಂದಿಗೆ ನಿಂತಿದ್ದ ಬಣ್ಣದವನತ್ತ ಚೀರಿದರು. “ಬಳಿ ಅದರ ಮೇಲೆ! ಎಪ್ಪತ್ತೊಂದು ಅಂತ ದೊಡ್ಡದಾಗಿ ಬರಿ!”

ಬಣ್ಣದವನು ಡಬ್ಬ ಎತ್ತಿದ. ಇಸ್ತ್ರಿಯವಳು ಬೆನ್ನನ್ನು ಮರಕ್ಕೆ ಕೊಟ್ಟು ಆ ಮಚ್ಚೆಯನ್ನು ಮುಚ್ಚಿ ನಿಂತಳು. “ನನ್ನ ಮೇಲೆ ಬರಿಯಪ್ಪಾ,” ಎಂದಳು. ಅವನು ಡಬ್ಬ ಕೆಳಗಿಟ್ಟ.

“ಸಾರ್,” ಎಂದರು ಸರ್ವಲಿಪಿ, “ಇವತ್ತು ಬರೆದ ನಂಬರು ಹೋದ ತಿಂಗಳ ಪಟ್ಟಿಗೆ ಹೇಗೆ ತಾಳೆ ಆಗುತ್ತೆ? ಇಲ್ಲದ ಬರಹ ಓದಿದೆ ಅಂತ ನಾನು ಈಗಲೇ ಬರೆದುಕೊಡ್ತೀನಿ. ಅದೇ ಬರಹವನ್ನ ಸ್ಥಳಕ್ಕೆ ಬಂದು ಪರಿಶೀಲಿಸಿದೆ ಅಂತ ನೀವೂ ಸಹಿ ಹಾಕಿದ್ದೀರಿ. ನಾನೊಬ್ಬನೇ ತಪ್ಪು ಮಾಡಿದ್ದಾ, ಇಬ್ಬರೂ ಸೇರಿ ಮಾಡಿದ್ದಾ, ಅದನ್ನ ನೀವೇ ಹೇಳಿ.”

ಸಾಹೇಬರು ಸತ್ಯಕ್ಕೆ ಹೆದರುವವರಲ್ಲ, ಸಹಿಗೆ ಹೆದರುವವರು. ತಮ್ಮ ಸಹಿಯನ್ನು ಉಳಿಸುವ ದಾರಿ ಒಂದೇ ಇತ್ತು. ಅಲ್ಲೇ, ಇಸ್ತ್ರಿ ಗಾಡಿಯ ಮೇಲೆ ಕಾಗದ ಹರಡಿಸಿದರು. ಸರ್ವಲಿಪಿಯವರು ತಮ್ಮ ಕೈಯಾರೆ ಬರೆದರು: ‘ನನಗೆ ಮರಗಳ ಮೇಲಿನ ನಂಬರುಗಳನ್ನು ಓದಲು ಬರುವುದಿಲ್ಲ.’ ಸಾಹೇಬರು ಅದರ ಕೆಳಗೆ, ಎಲ್ಲ ತಪ್ಪೂ ಆಚೆ ದಾಟುವಷ್ಟು ಒತ್ತಿ ಬರೆದರು: ‘ಸದರಿ ನೌಕರನಿಗೆ ಓದಲು ಬರುವುದಿಲ್ಲವೆಂದು ಖುದ್ದು ಪರಿಶೀಲಿಸಿ ದೃಢಪಡಿಸಿದೆ. ನಾಯಿ ಪರವಾನಗಿ ವಿಭಾಗಕ್ಕೆ ವರ್ಗಾಯಿಸಿದೆ. ಎಪ್ಪತ್ತೊಂದನೆಯ ಮರವನ್ನು ಕೈಬಿಡಲಾಗಿದೆ.’ ಸಹಿ, ಮೊಹರು. ಇಪ್ಪತ್ತಾರು ವರ್ಷದ ಬಿರುದು ಒಂದು ಗುಟುಕು ಶಾಯಿಯಲ್ಲಿ ಮುಳುಗಿತು.

“ಮುಗೀತಲ್ಲ? ಮೇಸ್ತ್ರೀ, ಮುಂದಿನದು. ಎಪ್ಪತ್ತು.”

ಗರಗಸ ಗುರ್ರೆಂದಿತು. ಆದರೆ ಮೇಸ್ತ್ರಿ ಎಪ್ಪತ್ತರ ಬಳಿ ಹೋಗುವಷ್ಟರಲ್ಲಿ ಸರ್ವಲಿಪಿಯವರು ಅಲ್ಲಿದ್ದರು. ಆ ಮರದ ಮೇಲೆ ಕಲ್ಲುಹೂವು ಇರಲಿಲ್ಲ. ಅಚ್ಚ ಬಿಳಿಯ ಮೇಲೆ ಅಚ್ಚ ಕಪ್ಪಿನಲ್ಲಿ, ಕುರುಡನಿಗೂ ಕೈಗೆ ತಾಗುವಂತೆ ಎಪ್ಪತ್ತು ಎಂದು ಬರೆದಿತ್ತು. ಅವರು ಮೇಡಂ ಕೈಯಿಂದ ಭೂತಗನ್ನಡಿ ಇಸಿದುಕೊಂಡು, ಏಳನ್ನು ಮೇಲಿನಿಂದ ಕೆಳಗೆ, ಸೊನ್ನೆಯನ್ನು ಸುತ್ತಲೂ, ಬಹಳ ಗಂಭೀರವಾಗಿ ಪರೀಕ್ಷಿಸಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು.

“ಇದೂ ಓದಕ್ಕೆ ಬರ್ತಿಲ್ಲ,” ಎಂದರು.

“ಎಪ್ಪತ್ತು ರೀ! ಎಪ್ಪತ್ತು!” ಸಾಹೇಬರ ಕುತ್ತಿಗೆಯ ನರ ಉಬ್ಬಿತು.

“ಇರಬಹುದು ಸಾರ್. ನನಗೆ ಬರಲ್ಲ ಅಂತ ತಾವೇ ದೃಢಪಡಿಸಿದ್ದೀರಿ.”

ಮೇಸ್ತ್ರಿ ಪಟ್ಟಿಯನ್ನು ಒಂದು ಕೈಯಲ್ಲಿ, ಶಾಯಿ ಆರದ ಆ ಕಾಗದವನ್ನು ಇನ್ನೊಂದು ಕೈಯಲ್ಲಿ ಹಿಡಿದು ಸಾಲುಸಾಲಾಗಿ ಬೆರಳಿಟ್ಟು ನೋಡಿದ. ಗರಗಸವನ್ನು ಆರಿಸಿದ. “ಸಾರ್, ಒಂದರಿಂದ ಎಪ್ಪತ್ತರ ತನಕ ಇಡೀ ಪಟ್ಟಿ ಓದಿ ಬರೆದೋರು ಇವರೇ ಅಲ್ವಾ?”

ಸಾಹೇಬರು ಬಾಯಿ ತೆರೆದರು. ಅಲ್ಲಿಂದ ಬಂದದ್ದನ್ನು ಯಾವ ಗುಮಾಸ್ತನೂ ಬರೆದುಕೊಳ್ಳಲಿಲ್ಲ.

“ಹೊಸ ಪಟ್ಟಿ ಆಗಲಿ, ಓದಕ್ಕೆ ಬರೋರು ಬರೀಲಿ, ಆಮೇಲೆ ಬರ್ತೀನಿ. ಇನ್ನೊಂದ್ಸಲ ಒಳಗೆ ಹೋಗಕ್ಕೆ ನನ್ನ ಹೆಂಡತಿ ಒಪ್ಪಲ್ಲ,” ಎಂದು ಮೇಸ್ತ್ರಿ ಗರಗಸವನ್ನು ಲಾರಿಗೆ ಹಾಕಿಸಿದ.

ಹೊಸ ಪಟ್ಟಿ ಆಗಿಯೇ ಆಗುತ್ತದೆ. ಕಚೇರಿಗೆ ಕಾಗದ ಇದೆ, ಕಾಲ ಇದೆ, ಕುರ್ಚಿ ಇದೆ. ಅದನ್ನು ಸರ್ವಲಿಪಿಯವರಷ್ಟು ಚೆನ್ನಾಗಿ ಬಲ್ಲವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಅವರು ಭೂತಗನ್ನಡಿಯನ್ನು ಹಿಂತಿರುಗಿಸದೆ ಜೇಬಿಗೆ ಹಾಕಿಕೊಂಡರು. “ಮೇಡಂ, ಇನ್ನೂ ಎಪ್ಪತ್ತು ಮರ ಇದೆ. ಯಾವುದರ ಹಿಂದೆ ಏನು ಅಂಟಿಕೊಂಡಿದೆ ಅಂತ ನಾವು ನೋಡೇ ಇಲ್ಲ. ನಾಳೆ ಬೆಳಿಗ್ಗೆ ಆರಕ್ಕೆ?”

“ಐದೂವರೆಗೆ,” ಎಂದರು ಮೇಡಂ. “ಓರೆ ಬೆಳಕು ಬೇಕು.”

“ತಂಗೀ, ನಿಮ್ಮ ಆ ಕಾಸ್ಟಿಕ್ ಬಾಟಲಿ—”

ಇಸ್ತ್ರಿಯವಳು ಬಾಟಲಿ ಕೊಡಲಿಲ್ಲ. ಕೈ ಚಾಚಿದಳು.

“ಮೊದಲು ಅಂಗಿ ಬಿಚ್ಚಿ ಕೊಡಿ ಅಣ್ಣಾ. ಈ ಅವತಾರದಲ್ಲಿ ಹೋದ್ರೆ ನಿಮ್ಮ ಮಾತು ಮರವೂ ನಂಬಲ್ಲ.”